ಬೋರ್‌ವೆಲ್ ನೀರು ಹಳದಿ ಬರ್ತಿದೆ: ಜಿಯೋಲೈಟ್ ಟ್ಯಾಂಕ್ ಹಾಕಿಸೋಣವಾ?

2ನೇ ಕ್ರಾಸ್, ಮೂಲೆ ಮನೆ:
ಎಲ್ಲರಿಗೂ ನಮಸ್ಕಾರ. ಬೆಳಿಗ್ಗೆ ಬಡಾವಣೆಯ ಬೋರ್‌ವೆಲ್ ನೀರನ್ನು ಬಿಳಿ ಬಕೆಟ್‌ಗೆ ಹಿಡಿದೆ. ನಿಂಬೆ ಸಿಪ್ಪೆಯ ಹಾಗೆ ತೆಳು ಹಳದಿ. ಕೆಸರಿಲ್ಲ, ವಾಸನೆಯೂ ಇಲ್ಲ. ಒಂದು ಗಂಟೆ ಇಟ್ಟರೂ ಬಣ್ಣ ತಳಕ್ಕೆ ಇಳಿಯಲಿಲ್ಲ. ಪೀಣ್ಯದಲ್ಲಿ ಲೋಹದ ಸಾಮಾನಿಗೆ ಹೊಳಪಿನ ಲೇಪ ಹಾಕುವ ಪ್ಲೇಟಿಂಗ್ ಶೆಡ್‌ಗಳು ನಮಗೆ ಎಷ್ಟು ಹತ್ತಿರ ಅಂತ ನಿಮಗೇ ಗೊತ್ತು. ಮನೆಯಲ್ಲಿ ಚಿಕ್ಕ ಮಗು ಇದೆ, ಭಯ ಆಗ್ತಿದೆ.

ಕಾರ್ಯದರ್ಶಿ:
ಅಕ್ಕ, ಸದ್ಯಕ್ಕೆ ಕುಡಿಯೋಕೆ, ಅಡುಗೆಗೆ ಬೋರ್ ನೀರು ಬೇಡ. ಕಾವೇರಿ ನೀರು ಅಥವಾ ಕ್ಯಾನ್ ಬಳಸಿ. ನಿನ್ನೆ ಫಿಲ್ಟರ್ ಮಾರುವವರು ಬಂದಿದ್ದರು. ಬೋರ್‌ಗೆ ಜಿಯೋಲೈಟ್ ತುಂಬಿದ ಟ್ಯಾಂಕ್ ಕೂರಿಸಿದರೆ ಎಲ್ಲ ಲೋಹವನ್ನೂ ಹಿಡಿಯುತ್ತದೆ ಅಂದರು. ಮನೆಗೆ 4,000 ರೂಪಾಯಿ ಬೀಳುತ್ತದೆ. ಭಾನುವಾರದೊಳಗೆ ಹೇಳಬೇಕಂತೆ.

5ನೇ ಕ್ರಾಸ್, ಮೊದಲ ಮನೆ:
ನಮ್ಮದು ಓಕೆ. ಆರೋಗ್ಯಕ್ಕಿಂತ ದುಡ್ಡು ಹೆಚ್ಚಲ್ಲ.

4ನೇ ಕ್ರಾಸ್, 17ನೇ ನಂಬರ್:
ದಯವಿಟ್ಟು ಯಾರೂ ದುಡ್ಡು ಕೊಡಬೇಡಿ. ನಾನು 26 ವರ್ಷ ಪ್ಲೇಟಿಂಗ್ ಕೆಲಸದಲ್ಲಿದ್ದವನು, ಸ್ವಲ್ಪ ಉದ್ದ ಬರೆಯುತ್ತೇನೆ.

ಜಿಯೋಲೈಟ್ ಒಳ್ಳೆಯ ವಸ್ತುವೇ. ಸಣ್ಣ ಸಣ್ಣ ರಂಧ್ರಗಳಿರುವ ಖನಿಜ. ಮಹಾರಾಷ್ಟ್ರದ ಕಪ್ಪು ಬಂಡೆಗಳಲ್ಲೂ ಸಿಗುತ್ತದೆ. ಅದರ ಚೌಕಟ್ಟಿಗೆ ಮೈನಸ್ ಚಾರ್ಜ್ ಇರುತ್ತದೆ. ಒಳಗೆ ಸಡಿಲವಾಗಿ ಕೂತ ಸೋಡಿಯಂ ಬಿಟ್ಟುಕೊಟ್ಟು ನೀರಿನಲ್ಲಿರುವ ಸೀಸ, ಕ್ಯಾಡ್ಮಿಯಂನಂಥ ಪ್ಲಸ್ ಚಾರ್ಜಿನ ಲೋಹ ಹಿಡಿಯುತ್ತದೆ. ಸೀಸವನ್ನಂತೂ ತುಂಬಾ ಚೆನ್ನಾಗಿ. ನಿಕ್ಕಲ್ ಅಷ್ಟಾಗಿ ಹಿಡಿಯುವುದಿಲ್ಲ.

ಹಳದಿ ಬಣ್ಣ ಕೇಳಿದರೆ ನನಗೆ ಅನುಮಾನ ಬರುವುದು ಕ್ರೋಮಿಯಂ ಮೇಲೆ, ಅದರಲ್ಲೂ ಹೆಕ್ಸಾವೇಲೆಂಟ್ ಕ್ರೋಮಿಯಂ, ಅಂದರೆ ಅದರ ಹೆಚ್ಚು ವಿಷದ ರೂಪ. ಅದು ನೀರಿನಲ್ಲಿ ಕ್ರೋಮೇಟ್ ಆಗಿರುತ್ತದೆ, ಅಂದರೆ ಅದೂ ಮೈನಸ್. ಮೈನಸ್ ಮೈನಸ್ ಸೇರೋದಿಲ್ಲ ಅಲ್ವಾ? ಸಾದಾ ಜಿಯೋಲೈಟ್ ಟ್ಯಾಂಕಿನಿಂದ ಅದು ಆರಾಮಾಗಿ ದಾಟಿ ನಮ್ಮ ನಲ್ಲಿಗೆ ಬರುತ್ತದೆ. ಇನ್ನೊಂದು, ನಮ್ಮ ಬೋರ್ ನೀರು ಗಡುಸು. ಅದರಲ್ಲಿರುವ ಕ್ಯಾಲ್ಸಿಯಂ ಜಿಯೋಲೈಟಿನ ಜಾಗವನ್ನು ತಾನೇ ತುಂಬಿಬಿಡುತ್ತದೆ.

ಕ್ರೋಮಿಯಂ ತೆಗೆಯಬೇಕಾದದ್ದು ಶೆಡ್ಡಿನಲ್ಲೇ. ಪ್ಲೇಟಿಂಗ್ ಆದ ಸಾಮಾನು ತೊಳೆದ ನೀರಿಗೆ ನಾವು ಆಸಿಡ್ ಹಾಕಿ ಪಿಎಚ್ 2–3ಕ್ಕೆ, ಅಂದರೆ ಚೆನ್ನಾಗಿ ಹುಳಿಯಾಗುವಷ್ಟು ತಂದು, ಕ್ರೋಮಿಯಂ ಅನ್ನು ಕಡಿಮೆ ವಿಷದ ರೂಪಕ್ಕೆ ತರುವ ಸೋಡಿಯಂ ಮೆಟಾಬೈಸಲ್ಫೈಟ್ ಹಾಕುತ್ತಿದ್ದೆವು. ಕೋಲಿನಿಂದ ತಿರುವುತ್ತಿದ್ದ ಹಾಗೆ ಕಿತ್ತಳೆ ಹಳದಿ ಹೋಗಿ ಹಸಿರಾಗುತ್ತಿತ್ತು. ಆ ಹಸಿರು ಬರುವವರೆಗೆ ಯಾರೂ ವಾಲ್ವ್ ತೆರೆಯುತ್ತಿರಲಿಲ್ಲ. ಆಮೇಲೆ ಸುಣ್ಣ ಹಾಕಿದರೆ ಹಸಿರು ಕೆಸರು ತಳಕ್ಕೆ ಕೂರುತ್ತದೆ. ಮೇಲಿನ ತಿಳಿ ನೀರಲ್ಲಿ ಉಳಿದ ಸತು, ಸೀಸ ಹಿಡಿಯೋಕೆ ಕೊನೆಗೆ ಜಿಯೋಲೈಟ್ ಕಾಲಂ ಇಟ್ಟರೆ ಅದು ಸರಿಯಾದ ಜಾಗ.

2ನೇ ಕ್ರಾಸ್, ಮೂಲೆ ಮನೆ:
ಅಂಕಲ್, ಕುದಿಸಿದರೆ ಹೋಗುತ್ತಾ?

4ನೇ ಕ್ರಾಸ್, 17ನೇ ನಂಬರ್:
ಇಲ್ಲಮ್ಮ. ನೀರು ಆವಿಯಾಗಿ ಕಡಿಮೆಯಾದ ಹಾಗೆ ಉಳಿದ ನೀರಿನಲ್ಲಿ ಲೋಹದ ಪ್ರಮಾಣ ಇನ್ನೂ ಹೆಚ್ಚಾಗುತ್ತದೆ.

3ನೇ ಕ್ರಾಸ್, ಮಹಡಿ ಮನೆ:
ಲೋಹ ಹಿಡಿದು ಹಿಡಿದು ಜಿಯೋಲೈಟ್ ತುಂಬಿದ ಮೇಲೆ ಅದನ್ನ ಏನು ಮಾಡ್ತಾರೆ ಅಂತ ಯಾರಾದರೂ ಕೇಳಿದ್ರಾ?

4ನೇ ಕ್ರಾಸ್, 17ನೇ ನಂಬರ್:
ಮುಖ್ಯವಾದ ಪ್ರಶ್ನೆ. ಉಪ್ಪುನೀರಿನಲ್ಲಿ ತೊಳೆದು ಮತ್ತೆ ಬಳಸಬಹುದು, ಆದರೆ ಹಿಡಿದ ಲೋಹವೆಲ್ಲ ಆ ಉಪ್ಪುನೀರಿಗೆ ಬರುತ್ತದೆ. ಅದನ್ನು ಮೋರಿಗೆ ಬಿಟ್ಟರೆ ನಾವೂ ಅದೇ ತಪ್ಪು ಮಾಡಿದ ಹಾಗೆ. ಮೊದಲು ಟೆಸ್ಟ್ ಮಾಡಿಸೋಣ. ಕುಡಿಯುವ ನೀರಿನಲ್ಲಿ ಒಟ್ಟು ಕ್ರೋಮಿಯಂ ಲೀಟರಿಗೆ 0.05 ಮಿಲಿಗ್ರಾಂ, ಸೀಸ 0.01 ಮೀರಬಾರದು. ನಮ್ಮ ನೀರಲ್ಲಿ ಏನಿದೆ, ಎಷ್ಟಿದೆ ಅಂತ ತಿಳಿಯದೆ ಯಾವ ಫಿಲ್ಟರ್ ಕೊಂಡರೂ ದಂಡ.

ಕಾರ್ಯದರ್ಶಿ:
ಸರಿ ಸಾರ್, ಅವರಿಗೆ ಬೇಡ ಅಂತ ಇವತ್ತೇ ಫೋನ್ ಮಾಡುತ್ತೇನೆ. ಶನಿವಾರ ಬೆಳಿಗ್ಗೆ 7ಕ್ಕೆ ಪಂಪ್‌ಹೌಸ್ ಹತ್ತಿರ ಬನ್ನಿ. ನೀರಿನ ಟೆಸ್ಟ್‌ಗೆ ಮನೆಗೆ 100 ರೂಪಾಯಿ ಸಾಕು. ರಿಪೋರ್ಟ್ ಕೈಗೆ ಬಂದ ಮೇಲೆ ಎಲ್ಲರ ಸಹಿ ಹಾಕಿಸಿ ಮಾಲಿನ್ಯ ನಿಯಂತ್ರಣ ಮಂಡಳಿಗೆ ಕೊಡೋಣ. ಶೆಡ್ಡಿನವರು ಮೋರಿಗೆ ಬಿಡುವ ನೀರನ್ನೂ ಅವರೇ ಬಂದು ಪರೀಕ್ಷಿಸಲಿ.

4ನೇ ಕ್ರಾಸ್, 17ನೇ ನಂಬರ್:
ಪಂಪ್ ಹತ್ತು ನಿಮಿಷ ಓಡಿದ ಮೇಲೆ ನೀರು ಹಿಡಿಯಬೇಕು. ಬಾಟಲಿ ಎರಡು ಬೇಕು. ಲೋಹಗಳ ಬಾಟಲಿಗೆ ಲ್ಯಾಬಿನವರೇ ನೈಟ್ರಿಕ್ ಆಸಿಡ್ ಹಾಕಿ ಕೊಡುತ್ತಾರೆ, ಅದನ್ನು ತೊಳೆಯಬೇಡಿ. ಹೆಕ್ಸಾವೇಲೆಂಟ್ ಬಾಟಲಿಗೆ ಆ ಆಸಿಡ್ ಬೀಳಲೇಬಾರದು. ಐಸ್‌ನಲ್ಲಿಟ್ಟು ಅದೇ ದಿನ ಲ್ಯಾಬಿಗೆ ಮುಟ್ಟಿಸಬೇಕು.

5ನೇ ಕ್ರಾಸ್, ಮೊದಲ ಮನೆ:
ಐಸ್ ಬಾಕ್ಸ್ ನಮ್ಮನೆಯಲ್ಲಿದೆ, ತರುತ್ತೇನೆ. ಸ್ಕೂಟರ್‌ನಲ್ಲಿ ಲ್ಯಾಬಿಗೂ ನಾನೇ ಹೋಗುತ್ತೇನೆ ಸಾರ್. ಜೊತೆಗೆ ಒಬ್ಬರು ಬನ್ನಿ, ಬಾಕ್ಸ್ ಹಿಡ್ಕೊಳ್ಳೋಕೆ.

3ನೇ ಕ್ರಾಸ್, ಮಹಡಿ ಮನೆ:
ನಾನು ಬರ್ತೀನಿ.