ನೋಡ್‌ಗಳು ಬಂದು ಹೋಗ್ತಾನೇ ಇದ್ರೆ ಡಿಎಚ್‌ಟಿ ಮೇಲೆ ಆಪ್ ಹೇಗೆ ಬರೆಯೋದು?

ಹಾಸನದ_ಕೋಡರ್:
ಎಲ್ರಿಗೂ ನಮಸ್ಕಾರ. ಫೈನಲ್ ಇಯರ್ ಪ್ರಾಜೆಕ್ಟ್‌ಗೆ ಸರ್ವರ್ ಇಲ್ದೇ ನೋಟ್ಸ್ ಹಂಚ್ಕೊಳ್ಳೋ ಆಪ್ ಮಾಡ್ತಿದೀವಿ. ಕೆಡೆಮ್ಲಿಯಾ ಥರದ ಡಿಎಚ್‌ಟಿ (ಡಿಸ್ಟ್ರಿಬ್ಯೂಟೆಡ್ ಹ್ಯಾಶ್ ಟೇಬಲ್: ಕೀ ಮತ್ತೆ ಅದರ ವ್ಯಾಲ್ಯೂನ ನೋಡ್‌ಗಳಲ್ಲಿ, ಅಂದ್ರೆ ನೆಟ್‌ವರ್ಕ್ ಸೇರಿರೋ ಮಷಿನ್‌ಗಳಲ್ಲಿ, ಹಂಚಿಡೋ ರೀತಿ), ಪೈಥಾನ್‌ನಲ್ಲಿ. ಲ್ಯಾಬ್‌ನಲ್ಲಿ ಎಲ್ಲಾ ಮಷಿನ್ ಆನ್ ಇದ್ದಾಗ ಕೇಳಿದ ತಕ್ಷಣ ಸಿಗತ್ತೆ, ಆದ್ರೆ ಹಾಸ್ಟೆಲ್‌ನಲ್ಲಿ ಹುಡುಗ್ರು ಲ್ಯಾಪ್‌ಟಾಪ್ ಮುಚ್ಚಿ ಊಟಕ್ಕೆ ಹೋಗ್ತಾರೆ, ಬಂದು ತೆಗೀತಾರೆ, ವೈಫೈ ಬಿಟ್ಟು ಮೊಬೈಲ್ ಹಾಟ್‌ಸ್ಪಾಟ್‌ಗೆ ಹೋಗ್ತಾರೆ, ಹಾಗಾಗಿ ಸಂಜೆ ಹಾಕಿದ ನೋಟ್ಸ್ ರಾತ್ರಿ ಹುಡುಕಿದ್ರೆ ಮಾಯ. ಸಿಕ್ಕಾಗ್ಲೂ ಲುಕಪ್ (ಕೀ ಹುಡುಕೋದು) ಸುಮಾರು ಹೊತ್ತು ತಗೊಳ್ಳತ್ತೆ. ಇದು ಎಲ್ಲೋ ಬಗ್ ಇರೋದ್ರಿಂದನಾ, ಇಲ್ಲಾ ಇಂಥ ನೆಟ್‌ವರ್ಕ್ ಮೇಲೆ ಪ್ರೋಗ್ರಾಮ್ ಬರೆಯೋ ರೀತಿನೇ ಬೇರೆನಾ?

ಪ್ಯಾಕೆಟ್_ರಾಯ:
ರೀತಿನೇ ಬೇರೆ. ಡೇಟಾಬೇಸ್‌ಗೆ ಒಂದ್ಸಲ ಬರೆದ್ರೆ ಅದು ಅಲ್ಲೇ ಇರತ್ತೆ ಅನ್ನೋ ನಂಬಿಕೆ ಇಲ್ಲಿ ನಡೆಯಲ್ಲ. ಇಟ್ಟೋರು ಮತ್ತೆ ಮತ್ತೆ ಇಡ್ತಾ ಇರ್ಬೇಕು.

ಕೀ-ಗೆ ಹತ್ರ ಇರೋ ಕೆಲವೇ ನೋಡ್‌ಗಳಲ್ಲಿ ವ್ಯಾಲ್ಯೂ ಕೂತಿರತ್ತೆ, ಹತ್ರ ಅಂದ್ರೆ ಎರಡೂ ಐಡಿಗಳ ಎಕ್ಸಾರ್ (ಬಿಟ್ ಬಿಟ್ ಹೋಲಿಸಿ, ಬೇರೆ ಇದ್ದಲ್ಲಿ 1 ಹಾಕೋ ಲೆಕ್ಕ) ಚಿಕ್ಕದು ಅಂತ. ಆ ನೋಡ್‌ಗಳು ಹೋದ್ರೆ ವ್ಯಾಲ್ಯೂನೂ ಹೋಯ್ತು. ಹೋಗ್ದೇ ಇದ್ರೂ ಇನ್ನೂ ಹತ್ರದ ಐಡಿ ಇರೋ ಹೊಸಬರು ಬಂದು ಮಧ್ಯ ಸೇರ್ಕೊಂಡ್ರೆ ಹುಡುಕೋರು ಅವರ ಹತ್ರ ಹೋಗ್ತಾರೆ, ಅವರ ಹತ್ರ ಏನೂ ಇರಲ್ಲ. ಅದಕ್ಕೇ ಮೇಮೌನ್‌ಕೋವ್ ಮತ್ತೆ ಮಾಝಿಯೆರ್ಸ್ ತಮ್ಮ 2002ರ ಕೆಡೆಮ್ಲಿಯಾ ಪೇಪರ್‌ನಲ್ಲೇ ಇಟ್ಕೊಂಡಿರೋ ನೋಡ್ ಗಂಟೆಗೊಂದ್ಸಲ ಮತ್ತೆ ಹಂಚ್ಬೇಕು, ಮೊದ್ಲು ಹಾಕಿದೋರು 24 ಗಂಟೆಗೊಂದ್ಸಲ ಮತ್ತೆ ಹಾಕ್ಬೇಕು ಅಂತ ಹೇಳಿದಾರೆ. ನಿಮ್ಮ ಲೈಬ್ರರಿ ಇದನ್ನ ನಿಜವಾಗ್ಲೂ ಮಾಡ್ತಿದೆಯಾ ಅಂತ ಮೊದ್ಲು ನೋಡಿ. ಹಾಸ್ಟೆಲ್‌ಗೆ ಗಂಟೆ ಜಾಸ್ತಿ ಆಯ್ತು, ಇನ್ನೂ ಕಡಿಮೆ ಮಾಡಿ. ಎಷ್ಟು ಕಾಪಿ ಅನ್ನೋದೂ ಮುಖ್ಯ, ಪೇಪರ್‌ನಲ್ಲಿ ಉದಾಹರಣೆಗೆ ಕೊಟ್ಟಿರೋದು 20, ಬಿಟ್‌ಟೊರೆಂಟ್ 8 ಇಟ್ಕೊಂಡಿದೆ.

ಲುಕಪ್ ನಿಧಾನ ಆಗೋದು ಸತ್ತ ನೋಡ್‌ಗಳಿಗೆ ಕಾಯೋದ್ರಿಂದ. ಒಬ್ಬೊಬ್ಬರನ್ನೇ ಕೇಳ್ಬೇಡಿ, ಒಟ್ಟಿಗೆ ಮೂರು ಜನನ್ನ ಕೇಳಿ. ಮತ್ತೆ ಬಕೆಟ್ (ರೌಟಿಂಗ್ ಟೇಬಲ್‌ನಲ್ಲಿ ಗೊತ್ತಿರೋ ನೋಡ್‌ಗಳ ಒಂದೊಂದು ಪಟ್ಟಿ) ತುಂಬಿದಾಗ ಹೊಸಬನಿಗಾಗಿ ಹಳಬನ್ನ ಓಡಿಸ್ಬೇಡಿ, ಹಳಬನಿಗೆ ಪಿಂಗ್ ಮಾಡಿ, ಉತ್ತರ ಬಂದ್ರೆ ಅವನೇ ಇರ್ಲಿ. ನ್ಯೂಟೆಲ್ಲಾ ಅನ್ನೋ ಫೈಲ್ ಹಂಚೋ ನೆಟ್‌ವರ್ಕ್‌ನ ಅಳತೆ ನೋಡಿದಾಗ ಜಾಸ್ತಿ ಹೊತ್ತು ಇದ್ದ ನೋಡ್ ಇನ್ನೂ ಒಂದು ಗಂಟೆ ಇರೋ ಸಾಧ್ಯತೆನೇ ಹೆಚ್ಚು ಅಂತ ಕಂಡಿತ್ತು. ಈ ಒಂದು ಗಮನಿಕೆ ಮೇಲೆ ಇಡೀ ಡಿಸೈನ್ ನಿಂತಿದೆ, ನಂಗೆ ಅದ್ರಲ್ಲಿ ತುಂಬಾ ಇಷ್ಟವಾದ ಭಾಗ ಇದೇ.

ಕರಾವಳಿ_ನೆಟ್ಸ್:
ಹಾಟ್‌ಸ್ಪಾಟ್ ಅಂದ್ರಲ್ಲ, ಅಲ್ಲೇ ಇನ್ನೊಂದು ಸಮಸ್ಯೆ ಉಂಟು. ಮೊಬೈಲ್ ಕಂಪನಿಗಳು ತುಂಬಾ ಜನರನ್ನ ಒಂದೇ ಐಪಿ ಹಿಂದೆ ಕೂರಿಸ್ತವೆ, ಆ ನೋಡ್ ಬೇರೆಯವರನ್ನ ಕೇಳಬಹುದು ಆದ್ರೆ ಬೇರೆಯವರು ಅದನ್ನ ಮುಟ್ಟೋಕೆ ಆಗೋಲ್ಲ. ಅದು ರೌಟಿಂಗ್ ಟೇಬಲ್‌ನಲ್ಲಿ ಕೂತ್ರೆ ಪ್ರತಿ ಲುಕಪ್‌ಗೂ ಟೈಮ್‌ಔಟ್. ಡಿಎಚ್‌ಟಿ ಬಳಸಿ ಫೈಲ್ ಹಂಚೋ ಐಪಿಎಫ್‌ಎಸ್‌ನವರಿಗೂ ಇದೇ ತಲೆನೋವು ಇತ್ತು, 2020ರ 0.5 ವರ್ಶನ್‌ನಲ್ಲಿ ಹೊರಗಿಂದ ಮುಟ್ಟೋಕೆ ಆಗೋ ನೋಡ್ ಮಾತ್ರ ಸರ್ವರ್, ಉಳಿದವು ಬರೀ ಕ್ಲೈಂಟ್ ಅಂತ ಬೇರೆ ಮಾಡಿದ್ರು. ನೀವೂ ಹಾಗೇ ಮಾಡಿ: ಹೊಸ ನೋಡ್‌ನ ನಂಬೋ ಮೊದ್ಲು ಅದು ಇನ್ನೂ ಪ್ಯಾಕೆಟ್ ಕಳಿಸ್ದೇ ಇರೋ ಬೇರೆ ನೋಡ್‌ನಿಂದ ಅದಕ್ಕೆ ವಾಪಸ್ ಕರೆ ಹೋಗತ್ತಾ ನೋಡಿ.

ಹಾಸನದ_ಕೋಡರ್:
ಇಬ್ಬರಿಗೂ ತುಂಬಾ ಥ್ಯಾಂಕ್ಸ್, ರಿಪಬ್ಲಿಷ್ ಇವತ್ತೇ ನೋಡ್ತೀನಿ. ಇನ್ನೊಂದು, ಒಂದೇ ನೋಟ್‌ನ ಇಬ್ಬರು ತಿದ್ದಿದ್ರೆ ಯಾರದ್ದು ಉಳಿಯತ್ತೆ?

ಪ್ಯಾಕೆಟ್_ರಾಯ:
ಡಿಎಚ್‌ಟಿ ಅದನ್ನ ತೀರ್ಮಾನ ಮಾಡಲ್ಲ, ಆ ಕೆಲಸ ಅದರ ತಲೆಗೆ ಕಟ್ಟೋದೂ ಬೇಡ. ನೋಟ್‌ನ ಹ್ಯಾಶನ್ನೇ (ಒಳಗಿರೋದ್ರಿಂದ ಲೆಕ್ಕ ಹಾಕಿದ ಗುರುತಿನ ಸಂಖ್ಯೆ) ಕೀ ಮಾಡಿ, ತಿದ್ದಿದ್ರೆ ಹೊಸ ಹ್ಯಾಶ್, ಹಳೇದು ಹಾಗೇ ಇರತ್ತೆ. ಸುಳ್ಳು ವ್ಯಾಲ್ಯೂ ಯಾರಾದ್ರೂ ಕೊಟ್ರೂ ಹ್ಯಾಶ್ ಹಾಕಿದ್ರೆ ತಕ್ಷಣ ಗೊತ್ತಾಗತ್ತೆ. ಇತ್ತೀಚಿನದು ಯಾವುದು ಅನ್ನೋ ಚಿಕ್ಕ ಪಾಯಿಂಟರ್ ಮಾತ್ರ ಬದಲಾಗ್ಲಿ. ಬಿಟ್‌ಟೊರೆಂಟ್‌ನ ಬೆಪ್ 44 (ಡಿಎಚ್‌ಟಿಯಲ್ಲಿ ವ್ಯಾಲ್ಯೂ ಇಡೋ ನಿಯಮ ಬರೆದಿರೋ ದಾಖಲೆ) ಓದಿ: ಪಬ್ಲಿಕ್ ಕೀ, ಸಹಿ, ಏರ್ತಾ ಹೋಗೋ ಸೀಕ್ವೆನ್ಸ್ ನಂಬರ್, ಹಳೇ ನಂಬರ್ ಬಂದ್ರೆ ನೋಡ್ ತಗೊಳ್ಳಲ್ಲ, ವ್ಯಾಲ್ಯೂಗೆ 1000 ಬೈಟ್ ಮಿತಿ. ಒಂದು ಪಾಯಿಂಟರ್‌ಗೆ ಒಬ್ಬನೇ ಬರೆಯೋನು ಇರ್ಲಿ, ಇಬ್ಬರದ್ದನ್ನ ಸೇರಿಸೋದು ಆಪ್‌ನ ಕೆಲಸ.

ಧಾರವಾಡ_ಡಿಸ್ಟ್ರಿಬ್ಯೂಟೆಡ್:
ರಾಯರು ಹೇಳಿದ್ದೆಲ್ಲಾ ಖರೇ, ಆದ್ರ ನಾ ಒಂದ್ ಮಾತ್ ಬ್ಯಾರೇ ಹೇಳ್ತೀನ್ರಿ. ಒಂದ್ ಹಾಸ್ಟೆಲ್‌ಗೆ ಡಿಎಚ್‌ಟಿ ಯಾಕ ಬೇಕು? ಅದು ಲಕ್ಷಗಟ್ಟಲೆ ನೋಡ್ ಇದ್ದಾಗ ಎಲ್ಲಾರ್ನೂ ನೆನಪಿಡಾಕ ಆಗಂಗಿಲ್ಲ ಅಂತ ಮಾಡಿದ್ದು. ನೂರಿನ್ನೂರು ಮಷಿನ್ ಇದ್ರ ಎಲ್ಲಾರ ಪಟ್ಟಿನೂ ಎಲ್ಲಾರ ಹತ್ರಾನೂ ಇರ್ಲಿ, ಸ್ವಿಮ್ ಪ್ರೋಟೋಕಾಲ್ ಥರ ಗಾಸಿಪ್ ಮಾಡಿ (ಒಬ್ಬರಿಂದ ಒಬ್ಬರಿಗೆ ಸುದ್ದಿ ದಾಟಿಸಿ) ಯಾರು ಬಂದ್ರು ಯಾರು ಹೋದ್ರು ಹರಡ್ರಿ, ಲುಕಪ್ ಒಂದೇ ಹಾಪ್‌ನ್ಯಾಗ ಮುಗೀತದ. ಡಿಎಚ್‌ಟಿನೇ ಕಲೀಬೇಕು ಅಂದ್ರ ಮಾಡ್ರಿ, ಆದ್ರ ವರದಿಯೊಳಗ ಯಾಕ ಆರಿಸಿದ್ರಿ ಅಂತ ಬರೀರಿ, ವೈವಾದಾಗ ಅದನ್ನೇ ಕೇಳ್ತಾರ.

ಮತ್ತ ಪಕ್ಕದ ನೋಡ್‌ಗಳ ಪಟ್ಟಿ ರಿಪೇರಿನ ನೋಡ್ ಸತ್ತ ಕೂಡ್ಲೇ ಶುರು ಮಾಡಬ್ಯಾಡ್ರಿ. ಬರ್ಕ್‌ಲಿಯವರ ಬ್ಯಾಂಬೂ ಡಿಎಚ್‌ಟಿ ಪೇಪರ್ 2004ರಾಗ ಇದನ್ನೇ ತೋರಿಸ್ತು: ನೆಟ್‌ವರ್ಕ್ ತುಂಬಿ ಉತ್ತರ ತಡ ಆತು ಅಂದ್ರ ನೋಡ್ ಸತ್ತದ ಅಂತ ತಿಳ್ಕೊಂಡು ಎಲ್ಲಾರೂ ರಿಪೇರಿ ಮೆಸೇಜ್ ಕಳಸ್ತಾರ, ಅದ್ರಿಂದ ಇನ್ನೂ ತುಂಬ್ತದ. ಇಂತಿಷ್ಟು ಸೆಕೆಂಡಿಗೊಮ್ಮೆ ರಿಪೇರಿ ಮಾಡ್ರಿ, ಟೈಮ್‌ಔಟ್ ಟಿಸಿಪಿ ಹಂಗ ಹಿಂದಿನ ಉತ್ತರಕ್ಕ ಎಷ್ಟು ಹೊತ್ತು ಹಿಡೀತು ಅಂತ ಅಳದು ಇಡ್ರಿ.

ಟೆಸ್ಟ್ ಮಾಡೋದು ಮರೀಬ್ಯಾಡ್ರಿ. 2001ರ ಕಾರ್ಡ್ (Chord, ನೋಡ್‌ಗಳನ್ನ ರಿಂಗ್‌ನ್ಯಾಗ ಜೋಡಸೋ ಡಿಎಚ್‌ಟಿ) ಪ್ರೋಟೋಕಾಲ್ ಎಷ್ಟೋ ಮಂದಿ ಓದಿದ್ದು, ಅದ್ರಾಗೂ ಪಮೇಲಾ ಝೇವ್ ಅವ್ರು ಮಾಡೆಲ್ ಮಾಡಿ ನೋಡಿದಾಗ ರಿಂಗ್ ಒಡೆಯೋ ಸಂದರ್ಭ ಸಿಕ್ಕುವು. ಒಂದೇ ಮಷಿನ್‌ನ್ಯಾಗ ಪ್ರೊಸೆಸ್ ಎಬ್ಬಿಸ್ರಿ, ಯಾವ್ದಂದ್ರ ಅದನ್ನ ಕಿಲ್ ಮೈನಸ್ ನೈನ್ ಮಾಡ್ರಿ, ಸರಳ ಶಟ್‌ಡೌನ್ ಬ್ಯಾಡ, ಯಾಕಂದ್ರ ಲ್ಯಾಪ್‌ಟಾಪ್ ಮುಚ್ಚಾಂವ ಹೇಳಿ ಹೋಗಂಗಿಲ್ಲ. ಒಂದ್ ಸ್ಕ್ರಿಪ್ಟ್ ಇಟ್ಟು ರಾತ್ರಿಯೆಲ್ಲಾ ಓಡಸ್ರಿ, ಮುಂಜಾನೆ ಎಷ್ಟು ಕೀ ಉಳದಾವು ಇಲ್ಲೇ ಹಾಕ್ರಿ, ನೋಡೂಣು.