ಭಾನುವಾರ ನಾಲ್ಕು ಗಂಟೆ ಬಿಡುವಿದೆ, ಯಾರಿಗಾದರೂ ನಿಜವಾಗಿ ಉಪಯೋಗವಾಗಬೇಕು. ನಿಮ್ಮ ಅನುಭವ ಹೇಳಿ

ಭಾನುವಾರದವಳು: ವಾರವಿಡೀ ಕೆಲಸ. ಭಾನುವಾರ ಮಾತ್ರ ನಾಲ್ಕು ಗಂಟೆ ನನ್ನ ಕೈಲಿರುತ್ತದೆ. ಒಂದು ಸಲ ಗಿಡ ನೆಡೋಕೆ ಹೋಗಿದ್ದೆ. ಬ್ಯಾನರ್ ಹಿಡಿದು ಫೋಟೋ ತೆಗೆಸಿಕೊಂಡು ಬಂದೆವು. ಎರಡು ತಿಂಗಳು ಬಿಟ್ಟು ನೋಡಿದರೆ ಅಷ್ಟೂ ಗಿಡ ಒಣಗಿದ್ದವು. ಅಂಥದ್ದು ಮತ್ತೆ ಬೇಡ. ಹೊಸಬರ ಜೊತೆ ಮಾತಾಡೋಕೆ ನನಗೆ ಸಂಕೋಚ ಜಾಸ್ತಿ. ನೀವೆಲ್ಲ ಏನು ಮಾಡ್ತೀರಿ?

ಬಿ ಪಾಸಿಟಿವ್: ಪ್ಲೇಟ್‌ಲೆಟ್ ಕೊಡಿ, ಅಂದ್ರೆ ರಕ್ತಸ್ರಾವ ನಿಲ್ಲಿಸೋಕೆ ಒಂದಕ್ಕೊಂದು ಅಂಟಿಕೊಳ್ಳುವ ರಕ್ತದ ಕಣ. ನಾನು 19 ಸಲ ಕೊಟ್ಟಿದ್ದೇನೆ. 22 ಆಗಬೇಕಿತ್ತು, ಮೂರು ಸಲ ವಾಪಸ್ ಕಳಿಸಿದರು. ಮೊದಲನೇ ಸಲ ಹಿಮೋಗ್ಲೋಬಿನ್ 12.1 ಬಂತು, 12.5 ಬೇಕಿತ್ತು. ಎರಡು ಬಸ್ ಬದಲಿಸಿ ಹೋಗಿದ್ದೆ. ಎರಡು ತಿಂಗಳು ಕಬ್ಬಿಣದ ಮಾತ್ರೆ ನುಂಗಿ ಮತ್ತೆ ಹೋದೆ, 12.4. ಆ 0.1ಕ್ಕೆ ನನಗೆ ಅಳುವೇ ಬಂದಿತ್ತು. ಇನ್ನೊಂದು ಸಲ ಹಿಂದಿನ ರಾತ್ರಿ ತಲೆನೋವಿಗೆ ಆಸ್ಪಿರಿನ್ ತಗೊಂಡಿದ್ದೆ. ಅದನ್ನು ತಗೊಂಡರೆ ಪ್ಲೇಟ್‌ಲೆಟ್ ಸರಿಯಾಗಿ ಅಂಟಿಕೊಳ್ಳುವುದಿಲ್ಲ, ರೋಗಿಗೆ ಪ್ರಯೋಜನವಿಲ್ಲ. ಇದನ್ನು ಯಾರೂ ಮೊದಲೇ ಹೇಳಿರಲಿಲ್ಲ.

ಕೊಡುವ ದಿನ ಮಿಷನ್ ಪಕ್ಕ ನನಗೆ 1 ಗಂಟೆ 40 ನಿಮಿಷ ಹಿಡಿಯುತ್ತದೆ. ಅದು ರಕ್ತದಿಂದ ಪ್ಲೇಟ್‌ಲೆಟ್ ಬೇರೆ ಮಾಡಿ ಉಳಿದದ್ದನ್ನು ವಾಪಸ್ ಮೈಗೆ ಬಿಡುತ್ತೆ. ರಕ್ತ ಹೆಪ್ಪುಗಟ್ಟದಿರಲಿ ಅಂತ ಸೇರಿಸುವ ಸಿಟ್ರೇಟ್ ಮೈಯ ಕ್ಯಾಲ್ಸಿಯಂ ಹಿಡಿದುಕೊಳ್ಳುತ್ತೆ, ತುಟಿ ಜುಮ್ಮೆನ್ನುತ್ತೆ. ಕೆಂಪು ಕಣಗಳನ್ನು ಫ್ರಿಜ್ಜಿನಲ್ಲಿ 42 ದಿನದವರೆಗೂ ಇಡಬಹುದು. ಪ್ಲೇಟ್‌ಲೆಟ್ ಸಾಮಾನ್ಯವಾಗಿ 5 ದಿನ, ಅದೂ ಫ್ರಿಜ್ಜಿನ ಹೊರಗೆ, ಅಲುಗಾಡಿಸುತ್ತಲೇ ಇಡಬೇಕು. ಕೂಡಿಡೋಕೆ ಆಗಲ್ಲ, ಅದಕ್ಕೇ ಯಾವಾಗಲೂ ಜನ ಬೇಕು. ಮಾತಾಡುವ ಗೋಜೂ ಇಲ್ಲ.

ಎರಡು ಪೆನ್ನು: ಅಂಧ ವಿದ್ಯಾರ್ಥಿಗಳಿಗೆ ಸ್ಕ್ರೈಬ್ ಆಗಿ, ಅಂದ್ರೆ ಪರೀಕ್ಷೆಯಲ್ಲಿ ಅವರು ಹೇಳಿದ ಉತ್ತರ ಬರೆದುಕೊಡುವವನಾಗಿ, ಆರು ವರ್ಷವಾಯಿತು. ಇದು ಮಲಗಿಕೊಂಡು ಮಾಡುವ ಸೇವೆ ಅಲ್ಲ. ಮೂರು ಗಂಟೆಯ ಪರೀಕ್ಷೆ, ಮೇಲೆ ಹೆಚ್ಚುವರಿ ಸಮಯ. ಬೆರಳು ಸೆಟೆದುಕೊಂಡು ರಾತ್ರಿ ಲೋಟ ಹಿಡಿಯೋಕೂ ಆಗಲ್ಲ.

ಮೊದಲ ಪರೀಕ್ಷೆಯಲ್ಲೇ ತಪ್ಪು ಮಾಡಿದೆ. ಆ ಹುಡುಗಿ ಒಂದು ಇಸವಿ ತಪ್ಪಾಗಿ ಹೇಳಿದಳು. ನಾನು ಸುಮ್ನೆ ಸರಿ ಮಾಡಿ ಬರೆದೆ. ಕೊನೆಗೆ ಓದಿ ಹೇಳಿ ಅಂದಳು. ಓದಿದೆ. ಅವಳ ಕೈ ಮೇಜಿನ ಅಂಚಿನ ಮೇಲೆ ಹಾಗೇ ನಿಂತುಬಿಟ್ಟಿತು. "ಅದು ನನ್ನ ಉತ್ತರ ಅಲ್ಲ ಸಾರ್, ನಾನು ಹೇಳಿದ್ದನ್ನೇ ಬರೀರಿ" ಅಂದಳು. ಹೊಡೆದುಹಾಕಿ ತಪ್ಪು ಇಸವಿಯನ್ನೇ ಬರೆದೆ. ಆರು ವರ್ಷವಾದರೂ ಆ ಮಾತು ಕಿವಿಯಲ್ಲಿದೆ.

ಬಿ ಪಾಸಿಟಿವ್: ಮಲಗಿಕೊಂಡು ಅಂದ್ರೆ ಏನರ್ಥ? ಲ್ಯುಕೇಮಿಯಾ (ರಕ್ತದ ಕ್ಯಾನ್ಸರ್) ಇರುವ ಮಗುವಿನ ತಂದೆ ವಾರ್ಡಿನ ಹೊರಗೆ ನಿಂತಿರೋದನ್ನು ನೋಡಿದ್ದೀರಾ?

ಎರಡು ಪೆನ್ನು: ನೋಡಿದ್ದೇನೆ. ನನ್ನ ತಮ್ಮನಿಗೇ ಪ್ಲೇಟ್‌ಲೆಟ್ ಬೇಕಾಗಿತ್ತು. ನನಗೆ ಸಿಟ್ಟು ಬರೋದು ಪ್ರತಿ ಸಲ ಸೂಜಿ ಚುಚ್ಚಿದ ಕೈಯ ಫೋಟೋ ಹಾಕುವುದಕ್ಕೆ. ನೀವೂ ಹಾಕ್ತೀರಿ, ನೋಡಿದ್ದೇನೆ.

ಬಿ ಪಾಸಿಟಿವ್: ಹೌದು, ಹಾಕ್ತೀನಿ. ಅದನ್ನು ನೋಡಿಯೇ ನಮ್ಮ ಆಫೀಸಿನ ಆರು ಜನ ಕೊಡೋಕೆ ಬಂದರು. ನಿಮ್ಮ ಮೌನದಿಂದ ಎಷ್ಟು ಜನ ಸ್ಕ್ರೈಬ್ ಆದರು, ಹೇಳಿ?

ಮೂಟೆ ಹೊತ್ತವನು: ಇಬ್ಬರೂ ಸ್ವಲ್ಪ ಸಮಾಧಾನ. ನಾನು ನೆರೆ ಪರಿಹಾರದ ಗೋದಾಮಿನಲ್ಲಿ ಒಂಬತ್ತು ದಿನ ಬಟ್ಟೆ ವಿಂಗಡಿಸಿದ್ದೇನೆ. ಮೊದಲ ದಿನ 140 ಮೂಟೆ. ಉಪಯೋಗಕ್ಕೆ ಬಂದದ್ದು 31. ಉಳಿದದ್ದರಲ್ಲಿ ಒಂಟಿ ಬೂಟು, ಗುಂಡಿ ಕಿತ್ತ ಅಂಗಿ, ಮುಗ್ಗಲು ಹಿಡಿದ ಕಂಬಳಿ, ದಿನ ಮೀರಿದ ಮಾತ್ರೆ. ಕುಡಿಯುವ ನೀರು ತಂದ ಲಾರಿ ಹೊರಗೆ ಮೂರು ತಾಸು ಕಾಯಿತು, ಒಳಗೆ ಜಾಗವಿರಲಿಲ್ಲ. 2004ರ ಸುನಾಮಿ ಆದಾಗಲೂ ಹೀಗೇ ಬಟ್ಟೆಯ ರಾಶಿ ಬಿದ್ದಿತ್ತು. ದಯವಿಟ್ಟು ದುಡ್ಡು ಕೊಡಿ. ಏನು ಬೇಕೋ ಅಲ್ಲಿಯವರೇ ತಗೊಳ್ತಾರೆ.

ಮಡಿಸಿದ ಬಟ್ಟೆ: ಎಲ್ಲರೂ ಹಾಗಲ್ಲ. ಅಮ್ಮ ತೀರಿಕೊಂಡ ಮೇಲೆ ಅವರ ಬಟ್ಟೆ ಒಗೆದು, ಇಸ್ತ್ರಿ ಮಾಡಿ, ಅಳತೆ ಬರೆದ ಚೀಟಿ ಇಟ್ಟು ಕಳಿಸಿದ್ದೆ. ಅದನ್ನೂ ರಾಶಿಗೆ ಎಸೆದಿರಾ? ದುಡ್ಡು ಕೊಟ್ಟರೆ ಎಲ್ಲಿಗೆ ಹೋಗುತ್ತೆ ಅಂತ ಯಾರಿಗೆ ಗೊತ್ತು?

ಮೂಟೆ ಹೊತ್ತವನು: ಲೆಕ್ಕ ಕೇಳಿ, ಲೆಕ್ಕ ತೋರಿಸುವವರಿಗೆ ಮಾತ್ರ ಕೊಡಿ. ಚೀಟಿ ಇಟ್ಟ ಮೂಟೆಗಳು ಎರಡು ಸಿಕ್ಕಿದ್ದವು. ಅವನ್ನು ಮೊದಲು ಕಳಿಸಿದೆವು. ಅಷ್ಟು ಮಾತ್ರ ಹೇಳಬಲ್ಲೆ.

ಹಳೇ ಟೀಚರ್: ಮಕ್ಕಳ ಆಶ್ರಮದ ಯೋಚನೆ ಇದ್ದರೆ ಒಂದು ಮಾತು. ನಾನು ನಾಲ್ಕು ತಿಂಗಳು ಪಾಠ ಹೇಳಿ, ಕೆಲಸ ಬದಲಾಯಿತು ಅಂತ ಬಿಟ್ಟೆ. ಕೊನೆಯ ದಿನ ಏಳು ವರ್ಷದ ಒಬ್ಬ ಹುಡುಗ ನನ್ನ ಚಪ್ಪಲಿ ಬಚ್ಚಿಟ್ಟಿದ್ದ. ನನಗಿಂತ ಮೊದಲು ಮೂವರು ಹಾಗೇ ಬಂದು ಹೋಗಿದ್ದರಂತೆ. ವರ್ಷಗಟ್ಟಲೆ ಇರೋಕೆ ಆಗದಿದ್ದರೆ ಅಲ್ಲಿನ ಲೆಕ್ಕಪತ್ರ ಬರೆಯಿರಿ, ಪುಸ್ತಕಕ್ಕೆ ರಟ್ಟು ಹಾಕಿ. ಮಗುವಿನ ಕೈ ಹಿಡಿಯಬೇಡಿ.

ಬಿ ಪಾಸಿಟಿವ್: ಇದು ಅತಿಯಾಯಿತು. ನಾಲ್ಕು ತಿಂಗಳು ಕಲಿತ ಮಗ್ಗಿ ಸುಳ್ಳಾಗುತ್ತಾ?

ಹಳೇ ಟೀಚರ್: ಮಗ್ಗಿ ಉಳಿಯುತ್ತೆ. ಅವನು ಆಮೇಲೆ ಹೊಸ ಟೀಚರ್ ಹತ್ತಿರ ಎರಡು ತಿಂಗಳು ಮಾತೇ ಆಡಲಿಲ್ಲ. ನಾನು ಫೋನ್ ಮಾಡಿ ಕೇಳಿದ್ದೇನೆ.

ಭಾನುವಾರದವಳು: ಎಲ್ಲರಿಗೂ ಥ್ಯಾಂಕ್ಸ್. ಸೂಜಿ ನೋಡಿದರೆ ನನಗೆ ತಲೆ ಸುತ್ತುತ್ತೆ, ಮೊದಲೇ ಹೇಳಬೇಕಿತ್ತು. ಅಕ್ಷರ ಮಾತ್ರ ಚೆನ್ನಾಗಿದೆ. ಸ್ಕ್ರೈಬ್ ಆದರೆ ಜಾಸ್ತಿ ಮಾತಾಡಬೇಕಾ?

ಎರಡು ಪೆನ್ನು: ಪ್ರಶ್ನೆಯನ್ನು ನಿಧಾನವಾಗಿ ಓದಬೇಕು, ಕೇಳಿದರೆ ಇನ್ನೊಂದು ಸಲ ಓದಬೇಕು, ಅವರು ಹೇಳಿದ್ದನ್ನು ಬರೆಯಬೇಕು. ಅಷ್ಟೇ. ಅರ್ಧ ಗಂಟೆ ಮೊದಲೇ ಹೋಗಿ ಅವರ ಮಾತಿನ ವೇಗಕ್ಕೆ ಒಗ್ಗಿಕೊಳ್ಳಿ. ಕೆಲವು ಪರೀಕ್ಷೆಗಳಲ್ಲಿ ಸ್ಕ್ರೈಬ್ ಎಷ್ಟು ಓದಿರಬಹುದು ಅಂತ ಮಿತಿ ಇರುತ್ತೆ, ಮೊದಲೇ ಕೇಳಿಕೊಳ್ಳಿ. ಒಪ್ಪಿಕೊಂಡ ಮೇಲೆ ಜ್ವರ ಬಂದರೂ ಬದಲಿ ಜನ ಹುಡುಕದೆ ತಪ್ಪಿಸಬೇಡಿ, ಆ ವಿದ್ಯಾರ್ಥಿಗೆ ಒಂದು ವರ್ಷ ಹೋಗಬಹುದು.

ಬಿ ಪಾಸಿಟಿವ್: ಸೂಜಿ ಹಾಕುವಾಗ ಆ ಕಡೆ ಮುಖ ತಿರುಗಿಸಿದರೆ ಆಯ್ತು. ನನಗೂ ಮೊದಲು ತಲೆ ಸುತ್ತುತ್ತಿತ್ತು.

ಎರಡು ಪೆನ್ನು: ಅವರು ಆಗಲ್ಲ ಅಂದರಲ್ಲ, ಬಿಡಿ.