ಸಹಾಯ ಬೇಕು: ಗ್ಯಾಸ್ಟ್ರಿಕ್ ಮಾತ್ರೆ, ಕ್ರಿಯೇಟಿನಿನ್ ಏರಿಕೆ. ಹಾಸನದಲ್ಲಿ ಕಿಡ್ನಿ ಡಾಕ್ಟರ್ ಯಾರಿದ್ದಾರೆ?

ಎಲ್ಲರಿಗೂ ನಮಸ್ಕಾರ. ನಾವು ಸಕಲೇಶಪುರದ ಹತ್ತಿರದವರು. ಅಮ್ಮನಿಗೆ 62 ವರ್ಷ. ಎದೆಯುರಿಗೆ ಅಂತ ಯಾವತ್ತೋ ಬರೆದುಕೊಟ್ಟ ಪ್ಯಾಂಟೊಪ್ರಜೋಲ್ 40 ಇನ್ನೂ ನಡೆದೇ ಇದೆ. ಮಾತ್ರೆಯ ಶೀಟು ಕಾಫಿ ಡಬ್ಬಿ ಪಕ್ಕದಲ್ಲೇ ಇರುತ್ತದೆ, ಬೆಳಿಗ್ಗೆ ಎದ್ದ ಕೂಡಲೇ ಒಂದು. ಹಳೇ ಚೀಟಿ ತೋರಿಸಿದರೆ ಮೆಡಿಕಲ್‌ನಲ್ಲಿ ಕೊಡುತ್ತಾರೆ. ಮಂಡಿ ನೋವಿಗೆ ಆಗಾಗ ಡೈಕ್ಲೋಫೆನಾಕ್ ಬೇರೆ. ಅದೂ ಕಿಡ್ನಿಗೆ ಒಳ್ಳೆಯದಲ್ಲ ಅಲ್ವಾ?

ಈಗ ಸುಸ್ತು ಜಾಸ್ತಿ, ಊಟ ಸೇರುತ್ತಿಲ್ಲ. ರಕ್ತ ಪರೀಕ್ಷೆಯಲ್ಲಿ ಕ್ರಿಯೇಟಿನಿನ್ (ಕಿಡ್ನಿ ಕೆಲಸ ಕುಗ್ಗಿದರೆ ಏರುವ ಅಂಶ) 1.8 ಬಂದಿದೆ. ಹೋದ ವರ್ಷ 0.9 ಇತ್ತು. ಶುಗರ್, ಬಿಪಿ ಎರಡೂ ಇಲ್ಲ.

ಪ್ಯಾಂಟೊಪ್ರಜೋಲ್ ಜಾತಿಯ ಮಾತ್ರೆಗಳಿಂದ ಅಪರೂಪಕ್ಕೆ ಕೆಲವರಿಗೆ ಇಂಟರ್‌ಸ್ಟಿಶಿಯಲ್ ನೆಫ್ರೈಟಿಸ್, ಅಂದರೆ ಕಿಡ್ನಿಯೊಳಗೆ ಉರಿಯೂತ, ಬರುತ್ತದೆ. ಜ್ವರ, ಗಂಧೆ ಏನೂ ಕಾಣಿಸದೆಯೂ ಬರಬಹುದು. ಬೇಗ ಗೊತ್ತಾದರೆ ಸುಧಾರಿಸುವ ಸಾಧ್ಯತೆ ಜಾಸ್ತಿ. ಅದಕ್ಕೇ ಈ ಅವಸರ. ತುಂಬಾ ದಿನ ತಗೊಂಡವರು ಸುಮ್ನೆ ಬಿಟ್ಟುಬಿಟ್ಟರೆ ಉರಿ ದುಪ್ಪಟ್ಟಾಗಿ ಬರುವುದೂ ಉಂಟು. ಹಾಗಾಗಿ ಡಾಕ್ಟರನ್ನು ಕೇಳಿಯೇ ಮುಂದುವರಿಯುತ್ತೇವೆ.

ಹಾಸನದಲ್ಲಿ ನೆಫ್ರಾಲಜಿ ಡಾಕ್ಟರ್ ಯಾವ ವಾರ ಸಿಗುತ್ತಾರೆ? ಇಲ್ಲಾ ನೇರ ಮಂಗಳೂರಿಗೇ ಹೋಗಬೇಕಾ? ನಿಮ್ಮ ಮನೆಯಲ್ಲಿ ಯಾರಿಗಾದರೂ ಹೀಗಾಗಿತ್ತಾ? ಬಯಾಪ್ಸಿ ಮಾಡಿಸಿದರಾ? ಆಮೇಲೆ ಎದೆಯುರಿಗೆ ಯಾವ ಮಾತ್ರೆ ಬದಲಾಯಿಸಿ ಕೊಟ್ಟರು? ಗೊತ್ತಿರುವವರು ದಯವಿಟ್ಟು ಇವತ್ತೇ ತಿಳಿಸಿ.